ಕರೆಯದೇ ಉಳಿದ ಕನ್‌ಸ್ಟ್ರಕ್ಟರ್

ಆಫೀಸಿನಲ್ಲಿ ಅವಳನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ವಯಸ್ಸಿಗಲ್ಲ, ಬೈಗುಳಕ್ಕೆ. ಕಿರಿಯರ ಪ್ರೋಗ್ರಾಮಿನಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದರೂ ಪಂಚಾಯ್ತಿ ಸೇರಿಸುತ್ತಿದ್ದಳು. ರೋಗಿಯ ರಕ್ತನಾಳಕ್ಕೆ ಔಷಧ ಹನಿಸುವ ಪಂಪಿಗೆ ಸಾಫ್ಟ್‌ವೇರ್ ಬರೆಯುವುದು ಅವರ ಕೆಲಸ.

ದೊಡ್ಡವರ ಪಂಪಿನ ಕ್ಲಾಸ್, ಅಂದರೆ ಪ್ರೋಗ್ರಾಮಿನ ಅಚ್ಚು, ಮೊದಲೇ ಇತ್ತು. ಪಂಪ್ ಚಾಲೂ ಆದೊಡನೆ ಅದರ ಕನ್‌ಸ್ಟ್ರಕ್ಟರ್ ಎಂಬ ಆರಂಭದ ಭಾಗ ಔಷಧದ ವೇಗಕ್ಕೊಂದು ಮಿತಿ ಹಾಕುತ್ತಿತ್ತು. ಮಕ್ಕಳ ಪಂಪು ಬೇಕೆಂದಾಗ ದೊಡ್ಡಮ್ಮ ಆ ತಾಯಿ ಕ್ಲಾಸಿನಿಂದಲೇ ಒಂದು ಮರಿ ಕ್ಲಾಸ್ ಮಾಡಿದಳು. ತಾಯಿಯ ಗುಣವೆಲ್ಲ ಮರಿಗೆ ಬಳುವಳಿಯಾಗಿ ಬರುತ್ತದೆ. ಆದರೆ ಮರಿಗೆ ಬೇರೆ ಕನ್‌ಸ್ಟ್ರಕ್ಟರ್ ಬರೆದರೆ, ಅದರೊಳಗಿಂದ ತಾಯಿಯದನ್ನು ಕರೆಯುವ ಸಾಲನ್ನೂ ಕೈಯಾರೆ ಬರೆಯಬೇಕು. ಆ ಸಾಲು ಅವಳಿಗೆ ಮರೆತುಹೋಯಿತು. ಮಿತಿ ಸೊನ್ನೆಯಾಗಿಯೇ ಉಳಿಯಿತು. ಸೊನ್ನೆಯೆಂದರೆ ಪಂಪಿನ ಲೆಕ್ಕದಲ್ಲಿ ಮಿತಿಯೇ ಇಲ್ಲ. ತಾಯಿಯಲ್ಲಿ ಸರಿಯಿದ್ದದ್ದು ಮರಿಯಲ್ಲಿ ಇದ್ದೇ ಇರುತ್ತದೆಂದು ಯಾರೂ ಮತ್ತೆ ಪರೀಕ್ಷಿಸಲಿಲ್ಲ.

ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಔಷಧದ ವೇಗ ಏಳು ಎಂದು ಒತ್ತುವಾಗ ನರ್ಸಿನ ಬೆರಳು ಎರಡು ಸಲ ಬಿದ್ದು ಎಪ್ಪತ್ತೇಳಾಯಿತು. ಪಂಪ್ ಚಕಾರವೆತ್ತಲಿಲ್ಲ. ಮಗು ತೀರಿಹೋಯಿತು. ನರ್ಸಿನ ಕೆಲಸ ಹೋಯಿತು.

ಸುದ್ದಿ ಬಂದ ಬೆಳಿಗ್ಗೆ ದೊಡ್ಡಮ್ಮ ತನ್ನ ಕೋಡ್ ತೆರೆದಳು. ಹೆಚ್ಚು ಹುಡುಕಬೇಕಾಗಲಿಲ್ಲ. ತಾಯಿಯನ್ನು ಕರೆಯುವ ಸಾಲು ಅಲ್ಲಿರಲಿಲ್ಲ. ನೇರ ಮ್ಯಾನೇಜರ್ ಕೋಣೆಗೆ ಹೋದಳು.

“ಒತ್ತಿದ್ದು ನರ್ಸು ಕಣಮ್ಮ. ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ?” ಎಂದ ಅವನು, ಬಾಗಿಲು ಮುಚ್ಚಿ.

“ಯಾರು ಏನೇ ಒತ್ತಿದ್ರೂ ಪಂಪ್ ತಡೀಬೇಕಿತ್ತು ಸರ್. ಅದಕ್ಕೇ ಅಲ್ವಾ ಮಿತಿ ಇರೋದು?”

ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಅವಳೇ ವಿಚಾರಣೆ ಸಮಿತಿಯೆದುರು ನಿಂತು ಎಲ್ಲ ಹೇಳಿದಳು. ಪಂಪುಗಳನ್ನು ವಾಪಸ್ ತರಿಸಿದರು, ಅವಳನ್ನು ಮನೆಗೆ ಕಳಿಸಿದರು. ನರ್ಸನ್ನು ಮಾತ್ರ ಯಾವ ಆಸ್ಪತ್ರೆಯೂ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ.

ದೊಡ್ಡಮ್ಮ ಅವಳ ಮನೆ ಹುಡುಕಿಕೊಂಡು ಹೋದಳು. ಮೆಟ್ಟಿಲ ತುದಿಯಲ್ಲಿ ಒಂಟಿ ಕೋಣೆ. ಹಗಲಲ್ಲೂ ಪರದೆ ಎಳೆದಿತ್ತು. ನರ್ಸ್ ಮಂಚದ ಅಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಳು.

“ತಪ್ಪು ನಿಮ್ಮದಲ್ಲಮ್ಮ, ನಂದು,” ಎಂದಳು ದೊಡ್ಡಮ್ಮ.

“ನಿಮ್ಮದೂ ಇರ್ಬಹುದು ಅಕ್ಕ. ಆದ್ರೆ ಬೆರಳು ನಂದೇ ಅಲ್ವಾ? ಅವತ್ತು ಬೆಳಿಗ್ಗೆ ಆ ಮಗೂಗೆ ಜಡೆ ಹಾಕಿದ್ದೂ ಇದೇ ಕೈ.”

ಕ್ಷಮಿಸು ಎನ್ನಲು ಬಂದಿದ್ದ ದೊಡ್ಡಮ್ಮ ಅದನ್ನು ಹೇಳದೆಯೇ ಮೆಟ್ಟಿಲಿಳಿದಳು.

ಮತ್ತೆ ಅವಳು ಪ್ರೋಗ್ರಾಂ ಬರೆಯಲಿಲ್ಲ. ಬಟ್ಟೆ ಅಂಗಡಿಯೊಂದರಲ್ಲಿ, ಗಿರಾಕಿಗಳು ಕೆದರಿಹೋದ ಅಂಗಿಗಳನ್ನು ಮಡಿಸಿಡುತ್ತಾಳೆ. ರಜೆ ಸಿಕ್ಕಾಗ ನರ್ಸಿನ ಬಾಗಿಲು ಬಡಿಯುತ್ತಾಳೆ. ಒಮ್ಮೊಮ್ಮೆ ಅದು ತೆರೆಯುತ್ತದೆ. ಇಬ್ಬರೂ ಮಂಚದ ಅಂಚಿನಲ್ಲಿ ಕೂತಿರುತ್ತಾರೆ. ಕತ್ತಲಾಗುವ ಮೊದಲು ದೊಡ್ಡಮ್ಮ ಎದ್ದು ಬರುತ್ತಾಳೆ.