ಕೊಟ್ಟೂರಿನ ಮನೆಗೆ ಸೇರದ ಮಸ್ಕತ್ತಿನ ಹಣ

"ತಮ್ಮ ಮಸ್ಕತ್ತಿನಿಂದ ರೊಕ್ಕ ಕಳಿಸಿದ, ಅಣ್ಣ ಮುಂದ ನಿಂತು ಕಟ್ಟಿಸಿದ. ಹಂಗಾಗಿ ಎದ್ದೈತಿ ನೋಡ್ರಿ ಈ ಮನಿ."

ಕೊಟ್ಟೂರಿನಲ್ಲಿ ನಮ್ಮ ಮನೆಯನ್ನು ತೋರಿಸಿ ಜನ ಇಂದಿಗೂ ಹೀಗೆಯೇ ಹೇಳುತ್ತಾರೆ. ಹಣ ಕಳಿಸಿದ ಆ ತಮ್ಮ ನಾನೇ. ಕಳಿಸಿದ್ದು ನಿಜ, ಉಳಿದದ್ದು ಸುಳ್ಳು. ತಿದ್ದಿ ತಿದ್ದಿ ಬಾಯಿ ಸೋತಿದೆ; ಆದ್ದರಿಂದ ಬರೆದಿಡುತ್ತಿದ್ದೇನೆ.

ತೊಂಬತ್ತರ ದಶಕದ ನಡುವೆ ನಾನು ಮಸ್ಕತ್ತಿಗೆ ಹೋಗಿ ಟೈಲ್ಸ್ ಹಾಕುವ ಕೆಲಸಕ್ಕೆ ಸೇರಿದೆ. ಮೊದಲ ಡಿ.ಡಿ.ಯನ್ನು ಹೆಂಡತಿಯ ಹೆಸರಿಗೇ ಮಾಡಿಸಿ ಅಂಚೆಯಲ್ಲಿ ಕಳಿಸಿದೆ. ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುವುದು ನಮ್ಮ ಮನೆತನದ ರೂಢಿ. ಓಣಿಯವರೆಲ್ಲ ಆಕೆಯನ್ನು ಆ ಹೆಸರಿನಿಂದಲೇ ಕರೆಯುತ್ತಿದ್ದರು. ನಾನೂ ಅದನ್ನೇ ಬರೆಸಿದ್ದೆ. ಆದರೆ ಗುರುತಿಗೆಂದು ಆಕೆಯ ಬಳಿಯಿದ್ದ ಕಾಗದವೆಂದರೆ ಶಾಲೆಯ ಟಿ.ಸಿ. ಒಂದೇ, ಅದರಲ್ಲಿದ್ದದ್ದು ತವರಿನ ಹೆಸರು. ಎರಡೂ ತನ್ನ ಹೆಸರೇ ಎಂದು ಆಕೆ ಎಷ್ಟು ಹೇಳಿದರೂ ಬ್ಯಾಂಕಿನವರು ಒಪ್ಪಲಿಲ್ಲ. ಡಿ.ಡಿ. ಹಿಂದಿರುಗಿ ನನ್ನ ಕೈ ಸೇರುವಷ್ಟರಲ್ಲಿ ಅಲ್ಲಿ ಒಂದು ಬೇಸಿಗೆಯೇ ಕಳೆದಿತ್ತು. ರೋಸಿಹೋಗಿ ಮುಂದಿನದನ್ನೆಲ್ಲ ಅಣ್ಣನ ಹೆಸರಿಗೆ ಕಳಿಸಿದೆ.

ಅಣ್ಣ ಮೋಸಗಾರನಲ್ಲ. ಅಪ್ಪನನ್ನು ದಾವಣಗೆರೆಯ ಆಸ್ಪತ್ರೆಗೆ ತಿಂಗಳುಗಟ್ಟಲೆ ತಿರುಗಿಸಿದ್ದೂ ತಂಗಿಯ ಮದುವೆ ಮಾಡಿದ್ದೂ ಆ ಹಣದಿಂದಲೇ. ಹಣ ಅಲ್ಲಿಗೆ ತೀರಿತು. ನನ್ನ ಹೆಂಡತಿಗೆ ಆಕೆಯ ತಾಯಿ ಊರಂಚಿನಲ್ಲೊಂದು ಜಾಗ ಕೊಟ್ಟಿದ್ದರು. ಬಸ್ ನಿಲ್ದಾಣದ ಬಳಿಯ ಖಾನಾವಳಿಗೆ ನಸುಕಿನಿಂದ ಜೋಳದ ರೊಟ್ಟಿ ಬಡಿದುಕೊಟ್ಟು, ಬಂದದ್ದರಲ್ಲಿ ಆಕೆ ಆ ಜಾಗದಲ್ಲಿ ಒಂದೊಂದೇ ಕೋಣೆ ಎಬ್ಬಿಸಿದಳು.

ನಾನು ಮರಳಿದ ವರ್ಷ ಅಣ್ಣ ತಮ್ಮಂದಿರು ಪಾಲಿಗೆ ಕುಳಿತೆವು. ಹೊರಗೆ ದುಡಿದವನ ಹಣವೂ ಕೂಡುಮನೆಯದೇ ಎಂಬುದು ನಮ್ಮ ಹಿರಿಯರ ಕಟ್ಟಳೆ. ಮನೆ ಮಸ್ಕತ್ತಿನ ಹಣದ್ದಾದರೆ ಪಾಲಿಗೆ ಬರಬೇಕು. ಹೆಂಡತಿಯ ದುಡಿಮೆಯದಾದರೆ ಯಾರೂ ಮುಟ್ಟುವಂತಿಲ್ಲ. ತೀರ್ಪು ಹೇಳಲು ಕುಳಿತವರು ನಮ್ಮ ಸೋದರಮಾವ.

"ಅದರಾಗ ಕೇಳೋದೇನೈತಿ ಮಾವ? ಅವನ ರೊಕ್ಕ ಎಲ್ಲಾ ನನ್ನ ಕೈಗೇ ಬಂದೈತಿ," ಎಂದ ಅಣ್ಣ.

"ನಿಮ್ಮ ಕೈಗೆ ಬಂದದ್ದು ಖರೇ ಐತ್ರಿ ಭಾವಾರ. ನನ್ನ ಗ್ವಾಡಿಗೆ ಬಂದಿಲ್ಲ," ಎಂದಳು ಹೆಂಡತಿ, ಬಾಗಿಲ ಬಳಿಯಿಂದ.

ಮಾವ ನಕ್ಕರು. "ರೊಟ್ಟಿ ಬಡದು ಮನಿ ಕಟ್ಟೋದಾದ್ರ ಕೊಟ್ಟೂರಾಗ ಹೆಂಗಸರೆಲ್ಲಾ ಮಾಳಗಿ ಎಬ್ಬಸ್ತಿದ್ರು ಬಿಡವಾ!" ಕೂತವರೂ ನಕ್ಕರು. ಆಮೇಲೆ ಮಾವ ನನ್ನತ್ತ ತಿರುಗಿದರು. "ನೀನರ ಹೇಳಲೇ."

"ನನ್ನ ರೊಕ್ಕ ಅದರಾಗ ಒಂದು ಪೈಸಾನೂ ಇಲ್ಲ ಮಾವ."

"ಹಂಗಾರ ಅಷ್ಟು ವರ್ಷ ಅಲ್ಲಿ ಏನ್ ಮಾಡಿದೆಲೇ?"

"ಮಂದಿ ಮನಿಗೆ ಟೈಲ್ಸ್ ಹಾಕಿದೆ."

ಈ ಸಲ ಯಾರೂ ನಗಲಿಲ್ಲ; ನಂಬಲೂ ಇಲ್ಲ. ಮನೆ ಉಳಿಸಿಕೊಳ್ಳಲು ಗಂಡ ಸುಳ್ಳು ಹೇಳುತ್ತಿದ್ದಾನೆಂದೇ ತಿಳಿದರು. ಕೊನೆಗೆ ಹೆಂಡತಿ, ಆ ಗೋಡೆಗಳನ್ನು ಕಟ್ಟಿದ ಗೌಂಡಿಗೆ ಹೇಳಿಕಳಿಸಿದಳು. ಅವನು ಬಂದು ನಿಂತುಕೊಂಡೇ ಹೇಳಿದ:

"ಶನಿವಾರಕ್ಕೊಮ್ಮೆ ಈ ಅಕ್ಕಾರು ನನ್ನನ್ನ ಖಾನಾವಳಿ ಬಾಗಲಿಗೆ ಕರಕೊಂಡು ಹೋಗಿ, ಅಲ್ಲಿಂದ್ಲೇ ಪಗಾರ ಕೊಡಸ್ತಿದ್ರು. ಕೊಡದ ವಾರ ನಾನು ಕೆಲಸಕ್ಕ ಬರತಿದ್ದಿಲ್ಲ. ಅಣ್ಣಾರು ಒಂದಿನಾನೂ ಆ ಕಡಿ ಹಣಕಿಲ್ರಿ."

ಅಣ್ಣ ತಲೆ ತಗ್ಗಿಸಿದ, ಅಲ್ಲಗಳೆಯಲಿಲ್ಲ. ಮನೆ ಪಾಲಿನಿಂದ ಹೊರಗುಳಿಯಿತು.

ಆದರೂ ಊರ ಬಾಯಲ್ಲಿ ಮಸ್ಕತ್ತೇ ಉಳಿಯಿತು. ಪರದೇಶದ ಹಣದ ಮಾತು ಜನಕ್ಕೆ ಹೆಚ್ಚು ರುಚಿಸುತ್ತದೆ. ಹೆಂಡತಿ ಉತ್ತರ ಕೊಡುವುದನ್ನೇ ಬಿಟ್ಟಿದ್ದಾಳೆ. ನಾನು ಬಿಡಲಾರೆ. ಸಂಶಯವಿದ್ದವರು ನನ್ನ ಮಾತನ್ನೂ ನಂಬಬೇಕಾಗಿಲ್ಲ. ಆ ಗೌಂಡಿ ಈಗ ಕಾನಹೊಸಹಳ್ಳಿಯಲ್ಲಿ, ಹೆದ್ದಾರಿ ಪಕ್ಕದ ಮಗನ ಸಿಮೆಂಟ್ ಅಂಗಡಿಯ ಮುಂದೆ ದಿನವೂ ಕುಳಿತಿರುತ್ತಾನೆ. ಕಿವಿ ಮಂದವಾಗಿದೆ, ಸ್ವಲ್ಪ ಜೋರಾಗಿ ಕೇಳಬೇಕು.