ಅಂಬವ್ವ ಅಳೆಯುವ ತಾಸುಗಳು

ಇಳಕಲ್ಲಿನಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಯಾರದೋ ಮನೆಯಲ್ಲಿ ಆಗಲೇ ಮಗ್ಗ ಎದ್ದಿದೆ. ಅದರ ಸದ್ದು ನಿದ್ದೆಗಣ್ಣಿನಲ್ಲಿ ಕೇಳಿದ ಹಾಗೆ ಕೇಳುತ್ತದೆ. ಹುನಗುಂದದ ಮೊದಲ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಂಬವ್ವ ಕೂತಿದ್ದಾರೆ. ತೊಡೆಯ ಮೇಲಿನ ಚೀಲದಲ್ಲಿ ಪ್ರಶ್ನೆಗಳ ಎರಡು ಹಾಳೆ, ಒಂದು ಪೆನ್ನು. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳನ್ನು ದಾಟುವಾಗ ಬಿಳಿ ದೂಳು ಮಂಜಿನಂತೆ ತೇಲುತ್ತದೆ. ಅದರೊಳಗೆ ಸೈಕಲ್ ತುಳಿಯುವವರು ನೆಲವನ್ನೇ ಮುಟ್ಟದೆ ಹೋಗುತ್ತಿರುವಂತೆ ಕಾಣುತ್ತಾರೆ.

"ಈ ಹೊತ್ತಿನ್ಯಾಗ ನಾ ಯಾರ ಜೋಡಿನೂ ಮಾತಾಡಂಗಿಲ್ರಿ. ಇವತ್ತ ಹೋಗೋ ಮನ್ಯಾಗ ಮಂದಿ ರಾತ್ರಿ ಹೆಂಗ ಮಲಗಿದ್ರೋ ಏನೋ ಅಂತ ಯೋಚನಿ ಮಾಡ್ತಿರ್ತೇನಿ," ಎನ್ನುತ್ತಾರೆ.

ಐವತ್ತೆರಡರ ಅಂಬವ್ವ ಡಾಕ್ಟರಲ್ಲ, ನರ್ಸೂ ಅಲ್ಲ. ಗುಣವಾಗದ ಕಾಯಿಲೆಯವರ ಮನೆಗೇ ಹೋಗಿ ಅವರ ನೋವು, ಸಂಕಟ ಕಡಿಮೆ ಮಾಡುವ ಸಣ್ಣ ಸೇವಾ ಸಂಸ್ಥೆಯೊಂದು ಬಾಗಲಕೋಟೆಯಲ್ಲಿದೆ. ಆ ಸೇವೆ ಹೇಗೆ ನಡೆಯುತ್ತಿದೆ, ಎಲ್ಲಿ ತಪ್ಪುತ್ತಿದೆ ಎಂದು ಅಳೆಯುವುದು ಇವರ ಕೆಲಸ. ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಮನೆ, ಮನೆಗೆ ಇಪ್ಪತ್ತೆರಡು ಪ್ರಶ್ನೆ. ಬಾದಾಮಿ, ಹುನಗುಂದ, ಇಳಕಲ್ ಸುತ್ತಿ ನಾಲ್ಕು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಹಾಳೆ ತುಂಬಿಸಿದ್ದಾರೆ.

ಮೊದಲು ಗಂಡನ ಜೊತೆ ಸೀರೆ ನೇಯುತ್ತಿದ್ದವರು. ಒಂಬತ್ತು ವರ್ಷದ ಹಿಂದೆ ಗಂಡನಿಗೆ ಗಂಟಲ ಕ್ಯಾನ್ಸರ್ ಆಯಿತು. "ದವಾಖಾನಿಯವ್ರು ಮನಿಗೆ ಒಯ್ರಿ ಅಂದ್ರು. ಒಯ್ದ ಮ್ಯಾಲೆ ಯಾರನ್ನ ಕೇಳಬೇಕು ಅಂತ ಯಾರೂ ಹೇಳಲಿಲ್ಲ," ಎಂದು ನಿಧಾನವಾಗಿ ಹೇಳುತ್ತಾರೆ. ಗಂಡ ತೀರಿಹೋದ ಮೇಲೆ ನೇಯಲು ಕೂತರೆ ಎಳೆಗಳೇ ಕಣ್ಣಿಗೆ ಕಾಣುತ್ತಿರಲಿಲ್ಲವಂತೆ. ಹತ್ತನೇ ಇಯತ್ತೆ ಓದಿದ್ದರು, ಅಕ್ಷರ ದುಂಡಗಿತ್ತು. ನಾಲ್ಕು ವರ್ಷದ ಹಿಂದೆ ಸಂಸ್ಥೆಯವರು ಈ ಪ್ರಶ್ನೆಗಳ ಹಾಳೆ ಕೈಗಿಟ್ಟರು.

ಕಳೆದ ವರ್ಷ ದೀಪಾವಳಿಯ ಮರುವಾರ ಅವರು ಹುನಗುಂದದಲ್ಲಿ ಹುಚ್ಚಪ್ಪ ಎಂಬವರ ಮನೆಗೆ ಹೋದರು. ಮೂವತ್ತು ವರ್ಷ ಕಲ್ಲು ಪಾಲಿಶ್ ಮಾಡಿದ ಮನುಷ್ಯ; ಈಗ ಎಲುಬಿಗೆಲ್ಲ ಕ್ಯಾನ್ಸರ್ ಹಬ್ಬಿತ್ತು. ಹೆಂಡತಿ ಸುಂದರವ್ವ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟರು. ಫೋನ್ ಎತ್ತಿದರಾ? ಹೌದು. ನರ್ಸ್ ಬಂದರಾ? ಹೌದು. ಸಂಸ್ಥೆಯಲ್ಲಿ ಔಷಧ ಇತ್ತೆ? ಇತ್ತು. ಇಪ್ಪತ್ತೆರಡಕ್ಕೂ "ಎಲ್ಲಾ ಚಲೋ ಐತ್ರಿ ಯಕ್ಕಾ."

ಆಗ ಹಾಸಿಗೆಯಿಂದ ಅರೆಗಣ್ಣಿನ ಹುಚ್ಚಪ್ಪ ಮಾತಾಡಿದರು. "ಕೆಂಪ ಕಲ್ಲ ತಿಕ್ಕಿ ತಿಕ್ಕಿ ಅದರಾಗ ನನ್ನ ಮಾರಿ ನೋಡ್ತಿದ್ದೆ ತಂಗಿ. ಹ್ವಾದ ವಾರ ನಾನ ಕಲ್ಲಿನೊಳಗ ಇದ್ದೆ. ಹೊರಗ ಯಾರೋ ನನ್ನ ತಿಕ್ಕಾಕ ಹತ್ತಿದ್ರು. ಮೂರ ದಿನ."

"ಏನರೆ ಬಡಬಡಿಸ್ತಾರ, ಬರಕೋಬ್ಯಾಡ್ರಿ," ಎಂದರು ಸುಂದರವ್ವ.

ಅಂಬವ್ವ ಪೆನ್ನನ್ನು ಚೀಲಕ್ಕೆ ಹಾಕಿದರು. ಹೋಗಲಿಲ್ಲ. ಅಲ್ಲೇ ಬಾಗಿಲ ಬಳಿ ಕೂತರು. ಕೊನೆಗೆ ಸುಂದರವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತರು. "ಖರೆ ಹೇಳಿದ್ರ ನರ್ಸವ್ವ ಬರೂದ ಬಿಟ್ಟಾಳು ಅಂತ ಅಂಜಿದ್ನೆವ್ವಾ."

ಶುಕ್ರವಾರ ರಾತ್ರಿ ಎಂಟಕ್ಕೆ ನೋವಿನ ಗುಳಿಗೆ ಮುಗಿದಿತ್ತು. ಫೋನ್ ಎತ್ತಿದ್ದರು, ನರ್ಸ್ ಬಂದಿದ್ದರು. ಆದರೆ ಸರ್ಕಾರದ ನಿಯಮದಂತೆ ಬೀಗ ಹಾಕಿಡಬೇಕಾದ ಆ ಗುಳಿಗೆಯ ಕಪಾಟಿನ ಕೀಲಿ ಬಾಗಲಕೋಟೆಯಲ್ಲಿ ಒಬ್ಬರ ಬಳಿಯೇ ಇರುತ್ತಿತ್ತು. ಅವರು ಹಬ್ಬಕ್ಕೆ ಊರಿಗೆ ಹೋಗಿದ್ದರು. ಗುಳಿಗೆ ಬಂದದ್ದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ. ಅರವತ್ತೊಂದು ತಾಸು.

ಹಾಳೆಯ ಮೇಲಿನ ಎಲ್ಲ ಉತ್ತರವೂ ನಿಜವೇ ಆಗಿತ್ತು. ಈ ಅರವತ್ತೊಂದು ತಾಸಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ. ಅಂಬವ್ವ ಹಾಳೆ ತಿರುವಿ, ಹಿಂಬದಿಯಲ್ಲಿ ತಾವೇ ಒಂದು ಪ್ರಶ್ನೆ ಬರೆದರು: ನೋವು ಅಂದಾಗಿನಿಂದ ಔಷಧ ಬಾಯಿಗೆ ಬೀಳುವತನಕ ಎಷ್ಟು ತಾಸು?

ತಿಂಗಳ ಸಭೆಯಲ್ಲಿ ಅದನ್ನು ಓದಿದಾಗ ನರ್ಸ್ ಪ್ರಿಯದರ್ಶಿನಿಯ ಮುಖ ಕೆಂಪಾಯಿತು. "ಅಂಬಕ್ಕಾ, ರವಿವಾರ ಎರಡ ಸಲ ಹೋಗಿದ್ನಿ ನಾನು. ಕಡೀಕ ನನ್ನ ಮ್ಯಾಲೇ ಬರದ್ರಿ?"

"ನಿನ್ನ ಅಳದಿಲ್ಲವ್ವಾ," ಎಂದರು ಅಂಬವ್ವ. "ನೀ ಬರಿಗೈಲೆ ಯಾಕ ಹೋಗಬೇಕಾತು, ಅದನ್ನ ಅಳದೇನಿ."

ಮರುದಿನ ಪ್ರಿಯದರ್ಶಿನಿ ತನ್ನ ಡೈರಿ ತಂದು ಅಂಬವ್ವನ ಮುಂದಿಟ್ಟಳು. ಬರಿಗೈಲಿ ಹೋದ ದಿನಗಳನ್ನು ಅವಳೂ ಗುರುತು ಹಾಕಿಟ್ಟಿದ್ದಳು. ಯಾರೂ ಕೇಳಿರಲಿಲ್ಲ, ಅಷ್ಟೆ. ಒಂದೇ ವರ್ಷದಲ್ಲಿ ಹನ್ನೊಂದು. ಅದನ್ನು ನೋಡಿದ ಸಂಸ್ಥೆಯ ಡಾಕ್ಟರು ಹುನಗುಂದದಲ್ಲೇ ಎರಡನೆಯ ಕಪಾಟಿಗೆ, ಅದಕ್ಕೊಬ್ಬ ಜವಾಬ್ದಾರ ವ್ಯಕ್ತಿಗೆ ಅನುಮತಿ ತಂದರು. ಈಗ ಹಬ್ಬವಿರಲಿ, ರವಿವಾರವಿರಲಿ, ಅಂಬವ್ವನ ಹಾಳೆಗಳಲ್ಲಿ ಐದು ತಾಸಿಗಿಂತ ದೊಡ್ಡ ಅಂಕಿ ಅಪರೂಪ.

ಸಂಕ್ರಾಂತಿಯ ಹೊತ್ತಿಗೆ ಹುಚ್ಚಪ್ಪ ತೀರಿಕೊಂಡರು. ತಿಂಗಳು ಕಳೆದು ಅಂಬವ್ವ ಹೋದಾಗ ಸುಂದರವ್ವ ಒಳಗೆ ಕರೆದು ಕೂರಿಸಿದರು. "ಕಡೀ ಹದಿನೈದ ದಿನ ಹಗಲೆಲ್ಲಾ ಮಲಗ್ತಿದ್ರವ್ವಾ. ನಿದ್ದಿಗಣ್ಣಾಗ ನಗತಿದ್ರು. ಏನ ಕನಸ ಕಾಣ್ತಿದ್ರೋ, ನಾ ಎಬ್ಬಿಸಿ ಕೇಳಲಿಲ್ಲ," ಎಂದರು. ಅಂಬವ್ವ ಅದನ್ನು ಯಾವ ಪ್ರಶ್ನೆಯ ಮುಂದೂ ಬರೆಯಲಿಲ್ಲ. ಕೈ ಹಿಡಿದುಕೊಂಡು ಕೂತರು.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಂಬವ್ವ ಚಪ್ಪಲಿ ಮೆಟ್ಟುತ್ತ ಹೇಳುತ್ತಾರೆ:

"ಮಂದಿ ನಮ್ಮ ಮುಂದ ಅಂಜಲಾರದ 'ಚಲೋ ಇಲ್ಲ' ಅನ್ನಬೇಕ್ರಿ. ಅಷ್ಟ ಅಂದ್ರ ಸಾಕು. ಮುಂದಿಂದು ನಾವು ನೋಡ್ಕೋತೇವಿ."