ಹತ್ತು ವರ್ಷದ ಅಕ್ಕ

ನಲ್ಲೂರಿನ ಮುನಿತಾಯಮ್ಮನಿಗೆ ಈಗ ಅರವತ್ತರ ಹತ್ತಿರ. ಅವಳ ಅಕ್ಕ ಮಾರಕ್ಕನಿಗೆ ಹತ್ತು ವರ್ಷ. ಐವತ್ತು ವರ್ಷದಿಂದಲೂ ಹತ್ತೇ.

ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಮೂಲೆಯಲ್ಲಿ ಹಳೆಯ ಬಾವಿ. ನೀರು ಬತ್ತಿ ಯಾವ ಕಾಲವೋ ಆಗಿದೆ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿದ್ದಾರೆ. ಆದರೆ ಎತ್ತು ಕಟ್ಟಿ ಕಪಿಲೆಯಲ್ಲಿ ನೀರೆತ್ತುತ್ತಿದ್ದ ಕಾಲದ, ಬಾವಿಯ ಮೇಲಕ್ಕೆ ಚಾಚಿಕೊಂಡ ಚಾಚುಗಲ್ಲು ಇನ್ನೂ ಹಾಗೇ ಇದೆ. ಐವತ್ತು ವರ್ಷದ ಹಿಂದೆ ಒಂದು ದಿನ ಮಾರಕ್ಕ ಸಿಕ್ಕಿಕೊಂಡಿದ್ದ ಹಗ್ಗ ಬಿಡಿಸಲು ಆ ಕಲ್ಲು ಹತ್ತಿದಳು. ಹೊಂಗೆಮರದ ಬುಡದಲ್ಲಿ ಕೂತಿದ್ದ ಎಂಟು ವರ್ಷದ ತಂಗಿಯ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು. ಮುನಿತಾಯಮ್ಮನಿಗೆ ನೆನಪಿರುವುದು ಅಷ್ಟೇ. ಅಲ್ಲಿಂದ ಮುಂದೆ ಅಕ್ಕ ಬೀಳುವುದಿಲ್ಲ. ದೊಡ್ಡಪ್ಪನ ಮಗ ಅಪ್ಪಯ್ಯಣ್ಣ ಬಾವಿಗಿಳಿದು ಎತ್ತಿ ತಂದದ್ದು, ಅವ್ವ ಪಾಪಕ್ಕ ಎದೆ ಬಡಿದುಕೊಂಡದ್ದು, ಎಲ್ಲ ಬೇರೆಯವರು ಹೇಳಿ ಗೊತ್ತು. “ಅಕ್ಕ ಅಲ್ಲೇ ನಿಂತವ್ಳಲ್ಲ” ಎಂದು ಅವಳು ಕಲ್ಲಿನ ಕಡೆ ಕೈ ತೋರಿಸುತ್ತಿದ್ದಳಂತೆ.

ಹೆತ್ತವರಿಗೆ ಉಳಿದವಳು ಒಬ್ಬಳೇ ಆದ್ದರಿಂದ ಗಂಡ ಮನೆಯಳಿಯನಾಗಿ ಬಂದ. ಹಾಗಾಗಿ ಆ ಮನೆ, ಆ ಬಾವಿ ಬಿಟ್ಟು ಅವಳು ಎಲ್ಲಿಗೂ ಹೋಗಲಿಲ್ಲ. ಮಗ ಹುಟ್ಟಿದ, ಗಂಡ ತೀರಿಕೊಂಡ, ಸೊಸೆ ಸಿಂಧು ಬಂದಳು, ಮೊಮ್ಮಗಳು ಯಶಸ್ವಿನಿ ಹುಟ್ಟಿದಳು. ಸಂಜೆ ಸೊಪ್ಪು ಕುಯ್ಯುತ್ತಾ ತಲೆಯೆತ್ತಿದರೆ ಅಕ್ಕ ಕಲ್ಲಿನ ಮೇಲೆ ನಿಂತಿರುತ್ತಾಳೆ, ಈಚೆ ತಿರುಗಿ, ಬಾಯಿ ಅರ್ಧ ತೆರೆದು, ಕೆಂಪು ಲಂಗ ಉಟ್ಟು. ಮುನಿತಾಯಮ್ಮನಿಗೆ ಹೆದರಿಕೆಯೇನೂ ಆಗುತ್ತಿರಲಿಲ್ಲ. ಪಕ್ಕದ ಹೊಲದವರನ್ನು ಕಂಡಂತೆ ಒಂದು ಸಲ ನೋಡಿ ಮತ್ತೆ ಕುಡುಗೋಲಿಗೆ ಕೈ ಹಾಕುತ್ತಿದ್ದಳು.

ಪಿತೃಪಕ್ಷದ ಹಬ್ಬ ಬಂದರೆ ಸತ್ತ ಹಿರಿಯರ ಹೆಸರಲ್ಲಿ ಹೊಸ ಬಟ್ಟೆಯಿಟ್ಟು ಎಡೆ ಹಾಕುವುದು ಮನೆಯ ಪದ್ಧತಿ. ಅಪ್ಪನಿಗೆ ಪಂಚೆ, ಅವ್ವನಿಗೆ ಸೀರೆ, ಮಾರಕ್ಕನಿಗೆ ಹತ್ತು ವರ್ಷದ ಹುಡುಗಿಯ ಅಳತೆಗೆ ಹೊಲಿಸಿದ ಕೆಂಪು ಲಂಗ. ಎಡೆಗಿಟ್ಟ ಬಟ್ಟೆಯನ್ನು ಆಮೇಲೆ ಮನೆಯವರೇ ಯಾರಾದರೂ ಉಡಬೇಕು. ಉಡದೆ ಬಿಟ್ಟರೆ ಸತ್ತವರು ಕಣ್ಣಲ್ಲಿ ನೀರು ಹಾಕುತ್ತಾರೆ ಅನ್ನುತ್ತಾರೆ. ಯಶು ಮೂರು ವರ್ಷದವಳಾದಾಗಿನಿಂದ ಆ ಲಂಗ ಅವಳ ಪಾಲು. ಸಿಂಧು ಸೊಂಟದ ಹತ್ತಿರ ಒಳಮಡಿಕೆ ಹಾಕಿ ಹೊಲಿದು ಉಡಿಸುತ್ತಿದ್ದಳು. ವರ್ಷ ವರ್ಷಕ್ಕೆ ಮಡಿಕೆ ಕಡಿಮೆಯಾಗುತ್ತಾ ಬಂತು.

ಈ ಸಲ ದೇವನಹಳ್ಳಿಯಿಂದ ಲಂಗ ಹೊಲಿದು ಬಂದ ದಿನ ಅಪ್ಪಯ್ಯಣ್ಣ ಜಗಲಿಯಲ್ಲಿ ಎಲೆಅಡಿಕೆ ಹಾಕುತ್ತಾ ಕೂತಿದ್ದ.

“ಈ ಸಲಾನೂ ಕೆಂಪೇನಾ, ತಾಯಮ್ಮ? ಅವತ್ತು ಅವ್ಳು ಉಟ್ಟಿದ್ದು ಗಿಳಿಹಸಿರು ಲಂಗ ಕಣಮ್ಮ. ಎತ್ತಿದೋನು ನಾನು. ಎಷ್ಟು ಸಲ ಹೇಳ್ಬೇಕು ನಿಂಗೆ?”

“ನಿಂಗೆ ಆಗ್ಲೂ ಕಣ್ಣು ಮಂಜು, ಈಗ್ಲೂ ಮಂಜು. ಸುಮ್ಕೆ ಎಲೆ ಅಗಿ.”

“ನಂಗೆ ಮಂಜಾದ್ರೆ ನಿಮ್ಮವ್ವಂಗೂ ಮಂಜಾಗಿತ್ತಾ? ಅವ್ಳೂ ಹಸಿರು ಅಂತಿದ್ಳಲ್ಲ.”

ಅಷ್ಟರಲ್ಲಿ ಒಳಗಿನಿಂದ ಸಿಂಧು ಕೂಗಿದಳು. “ಅತ್ತೆ, ಅಳತೆಗೆ ಉಡಿಸಿ ನೋಡಿದೀನಿ, ಈ ಸಲ ಮಡಿಕೇನೇ ಬೇಡ! ಹೇಳಿ ಹೊಲಿಸಿದಂಗೆ ಕೂತಿದೆ ನೋಡಿ.”

ಯಶು ಲಂಗ ಹಿಡಿದು ಒಂದು ಸುತ್ತು ತಿರುಗಿ, ಹಿತ್ತಲ ಬಾಗಿಲಿನಿಂದ ತೋಟಕ್ಕೆ ಓಡಿದಳು. ಮುನಿತಾಯಮ್ಮ ಎದ್ದು ಹಿಂದೆ ಹೋಗುವಷ್ಟರಲ್ಲಿ ಹುಡುಗಿ ಚಾಚುಗಲ್ಲಿನ ಪಕ್ಕ ನಿಂತಿದ್ದಳು. ಹತ್ತು ವರ್ಷ, ಅದೇ ಎತ್ತರ, ಕೆಂಪು ಲಂಗ. ಈಚೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು.

ಮುನಿತಾಯಮ್ಮನ ಬಾಯಿಂದ ಬಂದ ಕೂಗಿಗೆ ಮರದ ಮೇಲಿನ ಕಾಗೆಗಳೆಲ್ಲ ಹಾರಿದವು. ಓಡಿ ಹೋಗಿ ಮಗುವಿನ ರಟ್ಟೆ ಹಿಡಿದು ದರದರ ಎಳೆದು ತಂದು, ಅಂಗಳದಲ್ಲೇ ಲಂಗ ಬಿಚ್ಚಿಸಿದಳು. ಯಶು ಅಳತೊಡಗಿದಳು.

“ಜಾಲರಿ ಇದೆಯಲ್ಲ ಅತ್ತೆ, ಏನಾಗ್ತಿತ್ತು?” ಎಂದಳು ಸಿಂಧು, ಮಗುವಿಗೆ ಟವೆಲು ಸುತ್ತುತ್ತಾ.

“ಈ ಸಲ ಇವ್ಳು ಇದನ್ನ ಉಡೋದು ಬ್ಯಾಡ.”

“ಮತ್ಯಾರು ಉಡ್ತಾರೆ? ನಿಮ್ಮ ಅಳತೇನಾ, ನನ್ನ ಅಳತೇನಾ?”

ಮುನಿತಾಯಮ್ಮ ಲಂಗ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. ಉಡಿಸದಿದ್ದರೆ ಅಕ್ಕ ನೊಂದುಕೊಳ್ಳುತ್ತಾಳೆ. ಉಡಿಸಿದರೆ ಹಬ್ಬದ ದಿನ ಅಕ್ಕ ಯಾರು, ಮೊಮ್ಮಗಳು ಯಾರು? ಕಲ್ಲಿನ ಮೇಲೆ ಒಬ್ಬಳೇ ನಿಂತು ಬೇಸತ್ತವಳು ಜೊತೆಗೆ ಕರೆದುಕೊಂಡುಬಿಟ್ಟರೆ? ಅಂದಿನಿಂದ ಯಶುವನ್ನು ಹಿತ್ತಲಿಗೆ ಬಿಡುವುದನ್ನೇ ನಿಲ್ಲಿಸಿದಳು. ಮಗು ಶಾಲೆಯಿಂದ ಬರುವುದು ಸ್ವಲ್ಪ ತಡವಾದರೂ ಅವಳ ಕಣ್ಣು ಮೊದಲು ಹೋಗುತ್ತಿದ್ದುದು ಬೀದಿಗಲ್ಲ, ಬಾವಿಗೆ.

ಹಬ್ಬಕ್ಕೆ ಮುಂಚಿನ ಭಾನುವಾರ ಅತ್ತೆ ಸೊಸೆ ಜಗಲಿಯಲ್ಲಿ ಹುರುಳಿಕಾಳು ಆರಿಸುತ್ತಿದ್ದರು. ಯಶು ತನ್ನ ಶಾಲೆಗೆ ಬಂದಿದ್ದ ಗುಡಾರದಂಥ ತಾರಾಲಯದ ಕತೆ ತೆಗೆದಳು.

“ಅಜ್ಜಿ, ಭಾರೀ ದೊಡ್ಡ ನಕ್ಷತ್ರ ಸತ್ತೋದ್ರೆ ಕುಸಿದು ಕುಸಿದು ಕಪ್ಪುಕುಳಿ ಆಗುತ್ತಂತೆ. ಅದರ ಸೆಳೆತ ಎಷ್ಟು ಅಂದ್ರೆ, ಒಳಗೋದ ಬೆಳಕೂ ವಾಪಸ್ ಬರಲ್ಲ.”

“ಬಾವಿ ಇದ್ದಂಗಾ?”

“ಹೂಂ. ಅದ್ರೊಳಕ್ಕೆ ಯಾರಾದ್ರೂ ಬಿದ್ರೆ ಏನಾಗುತ್ತೆ ಗೊತ್ತಾ? ದೂರದಿಂದ ನೋಡೋರಿಗೆ ಅವರು ಬೀಳೋದೇ ಕಾಣಲ್ಲ! ಅಂಚಿಗೆ ಹೋಗ್ತಾ ಹೋಗ್ತಾ ನಿಧಾನ ಆಗಿ, ಅಲ್ಲೇ ನಿಂತುಬಿಟ್ಟಂಗೆ ಕಾಣ್ತಾರೆ. ಅವರ ವಾಚೂ ನಿಂತೋದಂಗೆ.”

ಮುನಿತಾಯಮ್ಮ ಮೊರವನ್ನು ತೊಡೆಯಿಂದ ಕೆಳಗಿಟ್ಟಳು. “ಬಾಯಿಗೆ ಬಂದಂಗೆಲ್ಲ ಹೇಳ್ಬೇಡ ಕಣೇ.”

“ಅಮ್ಮನ್ನ ಕೇಳು ಬೇಕಾದ್ರೆ.”

ಬಿ.ಎಸ್ಸಿ. ಓದಿದ್ದ ಸಿಂಧು ಕಾಳಿನಿಂದ ಕಣ್ಣು ತೆಗೆಯದೆ ಹೇಳಿದಳು. “ನಿಜಾನೇ ಅತ್ತೆ. ಸೆಳೆತ ಜಾಸ್ತಿ ಇರೋ ಕಡೆ ಕಾಲ ನಿಧಾನ. ಇಲ್ಲೂ ಹಂಗೇನೇ, ನಂದಿಬೆಟ್ಟದ ತುದಿಗಿಂತ ನಮ್ಮೂರಲ್ಲಿ ಒಂಚೂರು ನಿಧಾನ. ಗೊತ್ತಾಗೋಷ್ಟು ಇಲ್ಲ ಅಷ್ಟೆ. ಅಲ್ಲಿ ಸೆಳೆತ ವಿಪರೀತ. ಅಂಚಿನ ಹತ್ರದಿಂದ ಹತ್ತಿ ಬರೋ ಬೆಳಕು ಸೋತು ಸೋತು ಕೆಂಪಾಗುತ್ತೆ. ಆಮೇಲೆ ಮಂಕಾಗಿ ಕಾಣೋದೇ ಇಲ್ಲ.”

“ಹಸಿರು ಬಟ್ಟೆ ಉಟ್ಟಿದ್ರೂ?”

“ಹಸಿರೂ ಕೆಂಪಾಗೇ ಕಾಣ್...” ಎಂದವಳು ತಲೆಯೆತ್ತಿದಳು. ಅತ್ತೆಯ ಮುಖ ನೋಡಿದ ಮೇಲೆ, ಅವಳು ಕೇಳುತ್ತಿರುವುದು ಮಾರಕ್ಕನ ಬಗ್ಗೆ ಎಂದು ಅರ್ಥವಾಯಿತು.

“ಹಂಗಾದ್ರೆ ಅಲ್ಲಿ ನಿಂತೋಳಿಗೆ...” ಮುನಿತಾಯಮ್ಮ ಹಿತ್ತಲ ಬಾಗಿಲ ಕಡೆ ನೋಡಿದಳು. “ನಿಂತೂ ನಿಂತೂ ಕಾಲು ನೋಯಲ್ವೇನಮ್ಮ? ಹೊಟ್ಟೆ ಹಸಿಯಲ್ವಾ? ನನ್ನ ಬಿಟ್ಟು ಇವರೆಲ್ಲ ಮುದುಕರಾದ್ರು ಅಂತ ಅನ್ಸಲ್ವಾ?”

ಸಿಂಧು ಅತ್ತೆಯ ಹತ್ತಿರ ಸರಿದು ಕೂತಳು. “ಅವರು ನಿಂತಿರಲ್ಲ ಅತ್ತೆ. ನಿಂತಂಗೆ ಕಾಣೋದು ನೋಡೋರಿಗೆ ಮಾತ್ರ. ಬೀಳೋರ ಪಾಲಿಗೆ ಅವರ ಗಡಿಯಾರ ಸರಿಯಾಗೇ ಓಡ್ತಿರುತ್ತೆ. ಅಂಚು ದಾಟಿದ್ದೂ ಅವರಿಗೆ ಗೊತ್ತಾಗಲ್ಲ, ದಾಟಿ ಹೋಗಿರ್ತಾರೆ. ನಮಗೆ ಬರ್ತಾ ಇರೋದು ಅವರು ಬಿಟ್ಟುಹೋದ ಬೆಳಕಷ್ಟೆ.”

“ಕಾಯ್ತಾ ಇರಲ್ವಾ?”

“ಕಾಯ್ತಾ ಇರಲ್ಲ. ಯಾರನ್ನೂ ಕರೆಯೋದೂ ಇಲ್ಲ.”

ಮುನಿತಾಯಮ್ಮ ಮತ್ತೆ ಮೊರ ಎತ್ತಿಕೊಂಡಳು. ಆ ದಿನ ಅವಳು ಆರಿಸಿದ ಹುರುಳಿಯಲ್ಲಿ ಕಲ್ಲುಗಳೆಲ್ಲ ಹಾಗೇ ಉಳಿದಿದ್ದವು. ಸಿಂಧು ಇನ್ನೊಮ್ಮೆ ಆರಿಸಿದಳು.

ಮಾರನೆಯ ದಿನ ಮುನಿತಾಯಮ್ಮ ಬಸ್ಸು ಹತ್ತಿ ದೇವನಹಳ್ಳಿಗೆ ಹೋದಳು. ಅಂಗಡಿಯವನು “ಸೀರೆ ಯಾರಿಗಮ್ಮ?” ಎಂದ.

“ನಮ್ಮಕ್ಕಂಗೆ.”

“ವಯಸ್ಸಾದೋರಾ?”

ಮುನಿತಾಯಮ್ಮ ಗಲ್ಲಾದ ಮೇಲೆ ಹರಡಿದ್ದ ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. “ಹೂಂ ಕಣಪ್ಪ. ನನಗಿಂತ ಎರಡು ವರ್ಷ ದೊಡ್ಡೋಳು” ಎಂದಳು.

ಹೊಲಿಸಿದ್ದ ಲಂಗವನ್ನು ಸಿಂಧು ಬಿಚ್ಚಿ ಎರಡು ದಿಂಬಿನ ಚೀಲ ಮಾಡಿದಳು. ಬಟ್ಟೆ ಬಿಸಾಕೋಕಾಗುತ್ತಾ ಅಂತ ಅವಳ ವಾದ. ಯಶುವಿಗೆ ಬೇರೆ ಚೂಡಿದಾರ್ ಬಂತು, ಎಡೆಗಿಡದೆ ನೇರವಾಗಿ ಅವಳ ಕೈಗೇ.

ಹಬ್ಬದ ದಿನ ಎಡೆಯಾಯಿತು. ಹಿರಿಯರು ಉಣ್ಣಲಿ ಎಂದು ಬಾಗಿಲು ಮುಂದೆಳೆದು ಎಲ್ಲರೂ ಹೊರಗೆ ಕೂತರು. ಬಾಗಿಲು ತೆಗೆದ ಮೇಲೆ ಮುನಿತಾಯಮ್ಮ ಅಕ್ಕನ ಸೀರೆಯನ್ನು ತಾನೇ ಉಟ್ಟಳು. ಸಾಂಬ್ರಾಣಿ ಹೊಗೆ ಹತ್ತಿದ ಹೊಸ ಸೀರೆ ಮೈಗೆ ತಣ್ಣಗೆ ತಾಗಿತು. ಊಟ ಮುಗಿಯಿತು, ನೆಂಟರು ಹೊರಟರು, ಹೊತ್ತು ಇಳಿಯಿತು. ಅವಳು ಹಿತ್ತಲಿಗೆ ಹೋಗಿ ಬಾವಿಯ ಕಡೆ ನೋಡಿದಳು. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು.

“ಯಶು, ಬಾ ಇಲ್ಲಿ. ಅಲ್ಲಿ ಯಾರಾದ್ರೂ ಅವ್ರಾ ನೋಡು.”

“ಯಾರೂ ಇಲ್ಲಜ್ಜಿ.”

“ಸರಿಯಾಗಿ ನೋಡೇ.”

“ಬರೀ ಕಲ್ಲಿದೆ ಅಜ್ಜಿ.”

“ನಂಗೂ ಕಾಣ್ತಿಲ್ಲ ಕಣೇ” ಎಂದಳು ಮುನಿತಾಯಮ್ಮ. ಅಲ್ಲೇ ನೆಲದ ಮೇಲೆ ಕೂತಳು. ಆಮೇಲೆ ಶುರುವಾಯಿತು ಅಳು. ಹೆಣದ ಮುಂದೆ ಕೂತವರು ಅಳುವ ಹಾಗೆ ಹಾಡಿ ಹಾಡಿ, ಅಕ್ಕಾ, ನನ್ನಕ್ಕಾ, ಬಿಟ್ಟೋದ್ಯಲ್ಲಕ್ಕಾ ಎಂದು ಮಣ್ಣು ಬಡಿಯುತ್ತಾ ಅತ್ತಳು.

ಪಕ್ಕದ ಮನೆಯ ಮುತ್ಯಾಲಮ್ಮ ಕೈತೊಳೆದ ನೀರನ್ನೂ ಒರೆಸಿಕೊಳ್ಳದೆ ಓಡಿ ಬಂದಳು. “ಅಯ್ಯೋ, ಯಾರೇ ತಾಯಮ್ಮ? ಯಾರು ಹೋದ್ರೇ?”

“ನಮ್ಮಕ್ಕ.”

“ಯಾವಾಗ?”

“ಈಗ ತಾನೇ.”

ಮುತ್ಯಾಲಮ್ಮ ಬಾಯಿಗೆ ಸೆರಗು ಹಿಡಿದು ಸಿಂಧುವಿನ ಮುಖ ನೋಡಿದಳು. ಸಿಂಧು ಯಶುವಿಗೆ ಅಜ್ಜಿಯ ಪಕ್ಕ ಕೂತಿರಲು ಸನ್ನೆ ಮಾಡಿ, ಬಚ್ಚಲಿಗೆ ಹೋಗಿ ಹಂಡೆ ತುಂಬಿಸಿ ಒಲೆ ಹಚ್ಚಿದಳು. ಸಾವಾದ ಮನೆಯಲ್ಲಿ ಎಲ್ಲರೂ ತಲೆಗೆ ನೀರು ಹಾಕಿಕೊಳ್ಳಬೇಕಲ್ಲ.